ಮೂರನೇ ಬೆಂಚಿನ ಡೌಟಪ್ಪ

ಪಿಯು ಕಾಲೇಜಿನ ಯಾವ ಸೈನ್ಸ್ ಸೆಕ್ಷನ್ನಿಗೆ ಬೇಕಾದರೂ ಹೋಗಿ, ಗೋಡೆ ಪಕ್ಕದ ಮೂರನೇ ಬೆಂಚಿನಲ್ಲಿ ಅವನು ಕೂತಿರುತ್ತಾನೆ. ಮೊದಲ ಬೆಂಚು ರ‍್ಯಾಂಕಿನವರದ್ದು, ಕೊನೇ ಬೆಂಚು ಮೊಬೈಲಿನವರದ್ದು, ಮೂರನೆಯದು ಡೌಟಪ್ಪನದು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಸ್ಟಾಫ್ ರೂಮಿನಲ್ಲಿ ಮಾತ್ರ ಯಾರಿಗೂ ನೆನಪಿರುವುದಿಲ್ಲ. ‘ಇವತ್ತು ಡೌಟಪ್ಪ ಬಂದಿದ್ದಾನಾ?’ ಎಂದು ವಿಚಾರಿಸಿಕೊಂಡೇ ನಾವು ಲೆಕ್ಚರರುಗಳು ಚಾಕ್‌ಪೀಸ್ ಕೈಗೆ ತಗೊಳ್ಳುವುದು. ಬಂದಿದ್ದರೆ ಅವತ್ತಿನ ಪೋರ್ಷನ್ ಅರ್ಧ ಪುಟ, ಬರದಿದ್ದರೆ ಮೂರು ಪುಟ. ಬ್ಯಾಚುಗಳು ಬರುತ್ತವೆ, ಹೋಗುತ್ತವೆ. ಆ ಜಾಗ ಖಾಲಿ ಬಿದ್ದದ್ದನ್ನು ನಾನು ಕಂಡಿಲ್ಲ.

ಅವನು ಕೈ ಎತ್ತುವ ಕ್ರಮ ನೋಡಬೇಕು. ಪೂರ್ತಿ ಎತ್ತುವುದಿಲ್ಲ. ಮೊಣಕೈಯನ್ನು ಬೆಂಚಿನ ಮೇಲೇ ಊರಿ ತೋರುಬೆರಳೊಂದನ್ನೇ ಮೆಲ್ಲಗೆ ನಿಲ್ಲಿಸುತ್ತಾನೆ. ಆ ಬೆರಳು ಎದ್ದದ್ದೇ ತಡ, ಹಿಂದಿನಿಂದ ‘ಶುರುವಾಯ್ತಪ್ಪಾ’ ಎಂಬ ರಾಗ ಏಳುತ್ತದೆ. “ಸಾರ್, ಒಂದ್ ಸಣ್ಣ ಡೌಟು.” ಸಣ್ಣದು ಎಂದರೆ ಆ ಪೀರಿಯಡ್ ಮುಗಿಯಿತೆಂದೇ ಲೆಕ್ಕ. ದೊಡ್ಡದಿದ್ದರೆ ಅವನು ಕ್ಲಾಸಿನಲ್ಲಿ ಕೇಳುವುದಿಲ್ಲ. ನಾವು ಟಿಫನ್ ಬಾಕ್ಸಿನ ಮುಚ್ಚಳ ತೆಗೆಯುವ ಹೊತ್ತು ನೋಡಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಾನೆ.

ಮಿಕ್ಕವರಿಗೆ ಡೌಟು ಇಲ್ಲವೆಂದಲ್ಲ. “ಸಾರ್, ಇದು ಎಷ್ಟು ಮಾರ್ಕ್ಸಿಗೆ ಬರುತ್ತೆ?” “ಡೆರಿವೇಷನ್ನೂ ಬರೀಬೇಕಾ, ಫಾರ್ಮುಲಾ ಸಾಕಾ?” “ಈ ಚಾಪ್ಟರ್ ತೆಗೆದುಬಿಟ್ಟಿದಾರಲ್ಲಾ ಸಾರ್?” ಇವೆಲ್ಲ ಸಜ್ಜನರ ಡೌಟುಗಳು. ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಲೀಸು. ಡೌಟಪ್ಪನಿಗೆ ಪ್ರಶ್ನೆಪತ್ರಿಕೆಯ ಮೇಲೆ ಯಾವ ಅನುಮಾನವೂ ಇಲ್ಲ. ಅವನ ಅನುಮಾನವೆಲ್ಲ ಪ್ರಪಂಚದ ಮೇಲೆ.

ಎಸಿ ಕರೆಂಟಿನ ಪಾಠ ನಡೆದಿತ್ತು. ಬೆರಳು ಎದ್ದಿತು.

“ಸಾರ್, ಮನೆ ಕರೆಂಟಲ್ಲಿ ಎಲೆಕ್ಟ್ರಾನು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗುತ್ತೆ ಅಂದ್ರಿ.”

“ಹೌದು.”

“ಅದೂ ಒಂದು ಕೂದಲಿನ ದಪ್ಪದಷ್ಟು ದೂರ ಕೂಡ ಹೋಗಲ್ಲ ಅಂದ್ರಿ.”

“ಹೌದಪ್ಪಾ.”

“ಹಂಗಾದ್ರೆ ನಮ್ಮನೆ ವೈರಲ್ಲಿರೋ ಎಲೆಕ್ಟ್ರಾನು ನಮ್ಮನೇದೇ ಆಯ್ತು. ವೈರ್ ತಗೊಂಡಾಗಲೇ ದುಡ್ಡು ಕೊಟ್ಟಾಗಿದೆ. ಆಚೆಯಿಂದ ಏನೂ ಬರ್ತಾ ಇಲ್ಲ. ಮತ್ತೆ ತಿಂಗಳು ತಿಂಗಳು ಬಿಲ್ ಕಟ್ಟೋದು ಯಾವುದಕ್ಕೆ ಸಾರ್?”

ಆ ವರ್ಷ ಮೊದಲ ಸಲ ಕೊನೇ ಬೆಂಚಿನವರು ಮೊಬೈಲ್ ಕೆಳಗಿಟ್ಟರು. ನಾವು ಕೊಳ್ಳುವುದು ಎಲೆಕ್ಟ್ರಾನನ್ನಲ್ಲ, ಶಕ್ತಿಯನ್ನು. ಬಿಲ್ಲಿನಲ್ಲಿ ಒಂದು ಯೂನಿಟ್ ಎಂದು ಕಾಣುವುದು ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆಯಲ್ಲಿ ನುಂಗುವಷ್ಟು ಎಂದು ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. ಮನೆಗೆ ತಲುಪುವ ಹೊತ್ತಿಗೆ ಪ್ರಶ್ನೆ ಮಾತ್ರ ಉಳಿದು ಉತ್ತರ ದಾರಿಯಲ್ಲೇ ಎಲ್ಲೋ ಇಳಿದುಹೋಗಿತ್ತೆಂದು ಕಾಣುತ್ತದೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಅವರಪ್ಪ ನನ್ನನ್ನು ಪಕ್ಕಕ್ಕೆ ಕರೆದು, “ಮೇಷ್ಟ್ರೇ, ಕರೆಂಟ್ ಬಿಲ್ ಕಟ್ಟಬೇಕಾದ್ದಿಲ್ಲ ಅಂತ ತಾವೇ ಹೇಳಿದ್ರಂತೆ?” ಎಂದು ದನಿ ತಗ್ಗಿಸಿ ಕೇಳಿದರು. 2023ರಲ್ಲಿ ಗೃಹಜ್ಯೋತಿ ಬಂದು ಆ ಮನೆಯ ಬಿಲ್ ಸೊನ್ನೆಯಾಯಿತಂತೆ. ಗೆದ್ದದ್ದು ತನ್ನ ವಾದವೇ ಎಂದು ಹುಡುಗ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.

ಇನ್ನೊಂದು ಬ್ಯಾಚಿನ ಡೌಟಪ್ಪ ಲ್ಯಾಬ್ ಅಟೆಂಡರನ್ನು ಕಾಡಿ ಬೇಡಿ ಥರ್ಮಾಮೀಟರೊಂದನ್ನು ಮನೆಗೆ ಒಯ್ದಿದ್ದ. ಮಾರನೇ ದಿನ ಮುಖ ಗಂಟಿಕ್ಕಿಕೊಂಡು ಬಂದ. “ಸಾರ್, ನಮ್ಮನೇಲಿ ನೀರು 97ಕ್ಕೇ ಕುದಿಯುತ್ತೆ. ಪುಸ್ತಕದಲ್ಲಿ 100 ಅಂತಿದೆ. ಯಾವುದು ಸುಳ್ಳು?” ಎರಡೂ ಸುಳ್ಳಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಮೂರು ಡಿಗ್ರಿ ಮೊದಲೇ ಕುದಿಯುತ್ತದೆ. ಅವನು ಒಂದು ನಿಮಿಷ ಸುಮ್ಮನಿದ್ದು, “ಅಂದ್ರೆ ತೆರೆದ ಪಾತ್ರೇಲಿ ಬೇಳೆ ಇಟ್ರೆ ಮಂಗಳೂರಲ್ಲಿ ಬೇಗ ಬೇಯುತ್ತಾ ಸಾರ್?” ಎಂದ. ಬೇಯುತ್ತದೆ ಎಂದೆ. ನನಗೇನು ಗೊತ್ತು, ಅವನ ಅಮ್ಮನ ತವರು ಮಂಗಳೂರು. ಮದುವೆಯಾಗಿ ಬಂದ ದಿನದಿಂದ ‘ನಮ್ಮೂರಲ್ಲಿ ಬೇಳೆ ಹೀಗೆ ಸತಾಯಿಸ್ತಿರಲಿಲ್ಲ’ ಎಂದು ಆ ತಾಯಿ, ‘ಬೇಳೆಯದ್ದೇನೂ ತಪ್ಪಿಲ್ಲ, ಬೇಯಿಸೋ ಕೈಯದ್ದು’ ಎಂದು ಅತ್ತೆ, ಹೀಗೆ ಕುಕ್ಕರ್ ಬಂದ ಮೇಲೂ ಆರದೆ ಉರಿಯುತ್ತಿದ್ದ ವ್ಯಾಜ್ಯಕ್ಕೆ ವಾಯುಮಂಡಲವೇ ಬಂದು ಸೊಸೆಯ ಪರ ಸಾಕ್ಷಿ ನುಡಿಯಿತು. ಆ ಮನೆಯಿಂದ ನನಗೆ ಆ ವರ್ಷ ಒಂದು ಡಬ್ಬಿ ಪತ್ರೊಡೆ ಬಂತು. ಅಜ್ಜಿ ಮಾತ್ರ ಎದುರು ಸಿಕ್ಕರೆ ಈಗಲೂ ಮಾತಾಡಿಸುವುದಿಲ್ಲ.

ಕ್ಯಾಂಟೀನಿನ ಚರ್ಚೆಗಳದ್ದು ಬೇರೆಯೇ ದರ್ಜೆ. ಅಲ್ಲಿ ಪಿಸಿಎಂಬಿಯವರು ಒಂದು ಮೇಜು, ಪಿಸಿಎಂಸಿಯವರು ಒಂದು ಮೇಜು. ವೈರಸ್ಸಿಗೆ ಜೀವ ಇದೆಯೋ ಇಲ್ಲವೋ ಎಂದು ಶುರುವಾಗಿ, ಕಂಪ್ಯೂಟರ್ ವೈರಸ್ಸೂ ವೈರಸ್ಸಲ್ಲವೇ ಎಂಬಲ್ಲಿಗೆ ತಲುಪಿ, ಪಫ್ಸಿನ ದುಡ್ಡು ಯಾರು ಕೊಡಬೇಕು ಎಂಬಲ್ಲಿ ನಿಲ್ಲುತ್ತದೆ. ಡೌಟಪ್ಪ ಎರಡೂ ಮೇಜಿನ ನಡುವೆ ನಿಂತುಕೊಂಡೇ ಚಹಾ ಕುಡಿಯುತ್ತಾನೆ. ಅವನ ಜೇಬಿನಲ್ಲಿ ಒಬ್ಬ ಆರಾಧ್ಯದೈವ ಇದ್ದಾನೆ: ಎರಾಸ್ಟೊ ಎಂಪೆಂಬಾ. ಟಾಂಜಾನಿಯಾದ ಶಾಲಾ ಹುಡುಗ. 1963ರಲ್ಲಿ ಐಸ್‌ಕ್ರೀಮ್ ಮಾಡಲು ಹೋಗಿ, ಬಿಸಿ ಹಾಲನ್ನು ಆರಿಸದೆ ಹಾಗೇ ಫ್ರೀಜರಿಗೆ ತಳ್ಳಿದ. ಆರಿಸಿಟ್ಟವರ ಹಾಲಿಗಿಂತ ಇವನದ್ದೇ ಮೊದಲು ಗಟ್ಟಿಯಾಯಿತು. ಯಾಕೆ ಎಂದು ಕೇಳಿದರೆ ಮೇಷ್ಟರು ನಕ್ಕರು, ಕ್ಲಾಸೂ ನಕ್ಕಿತು, ಇದು ಎಂಪೆಂಬಾನ ಫಿಸಿಕ್ಸು ಎಂದು ಗೇಲಿಯಾಯಿತು. ಹುಡುಗ ಬಿಡಲಿಲ್ಲ. ಶಾಲೆಗೆ ಭಾಷಣಕ್ಕೆ ಬಂದ ಪ್ರೊಫೆಸರ್ ಡೆನಿಸ್ ಆಸ್ಬಾರ್ನ್‌ಗೂ ಅದನ್ನೇ ಕೇಳಿದ. ಅವರು ಹೋಗಿ ಪರೀಕ್ಷೆ ಮಾಡಿಸಿ ನೋಡಿದರು. 1969ರಲ್ಲಿ ಇಬ್ಬರ ಹೆಸರಿನಲ್ಲೂ ಪ್ರಬಂಧ ಅಚ್ಚಾಯಿತು. ಅದು ನಿಜವಾಗಿ ಹಾಗಾಗುತ್ತದೋ, ಆದರೆ ಯಾಕೆ ಎಂಬುದರ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ನಾವು ಯಾರಾದರೂ ಕ್ಲಾಸಿನಲ್ಲಿ ಕೊಂಚ ನಕ್ಕರೆ ಸಾಕು, ಡೌಟಪ್ಪ ಎಂಪೆಂಬಾನ ಹೆಸರು ತೆಗೆಯುತ್ತಾನೆ. ಆ ಪುಣ್ಯಾತ್ಮನಿಂದ ಮೇಷ್ಟರ ಕುಲಕ್ಕೆ ಆಗಿರುವ ಉಪದ್ರವ ಅಷ್ಟಿಷ್ಟಲ್ಲ.

ನಮ್ಮ ಬಳಿಯೂ ಆಯುಧಗಳಿಲ್ಲದೆ ಇಲ್ಲ. ‘ಇದು ಸಿಲಬಸ್ಸಿನಲ್ಲಿಲ್ಲ’ ಎನ್ನುವುದು ಮೊದಲನೆಯದು. ‘ಪೋರ್ಷನ್ ಮುಗಿಸಬೇಕಪ್ಪಾ’ ಎನ್ನುವುದು ಕರುಣಾಜನಕವಾದದ್ದು. ಬ್ರಹ್ಮಾಸ್ತ್ರವೆಂದರೆ ‘ಇದನ್ನ ಮುಂದೆ ಓದ್ತೀಯ’. ಹೈಸ್ಕೂಲಿನವರು ಪಿಯುಸಿಗೆ ಸಾಗಹಾಕುತ್ತಾರೆ, ನಾವು ಡಿಗ್ರಿಗೆ, ಅವರು ಎಮ್ಮೆಸ್ಸಿಗೆ, ಅಲ್ಲಿಂದ ಪಿಎಚ್‌ಡಿಗೆ. ಅಷ್ಟು ದೂರ ಹೋದವನಿಗೆ ಅಲ್ಲಿ ಗೈಡು ಹೇಳುವುದು: “ಒಳ್ಳೇ ಪ್ರಶ್ನೆ. ನೀನೇ ಕಂಡುಹಿಡಿ.”

ಇಷ್ಟೆಲ್ಲ ಡೌಟಿದ್ದವನು ಲ್ಯಾಬಿನಲ್ಲಿ ಮಾತ್ರ ಪರಮ ಪ್ರಾಮಾಣಿಕ. ಅದೇ ಅವನಿಗೆ ಮುಳುವು. ಲೋಲಕ ತೂಗಿಬಿಟ್ಟು ಗುರುತ್ವದ ಬೆಲೆ ಕಂಡುಹಿಡಿಯುವ ಪ್ರಯೋಗ. ಉತ್ತರ 9.8 ಬರಬೇಕೆಂಬುದು ಜಗಜ್ಜಾಹೀರು. ಹಾಗಾಗಿ ಜಾಣರು ಮೊದಲು ಕೊನೇ ಸಾಲಿನಲ್ಲಿ 9.8 ಬರೆದು, ಅಲ್ಲಿಂದ ಮೇಲಕ್ಕೆ ಲೆಕ್ಕ ಹತ್ತಿಸಿ, ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡಾಗಬೇಕಿತ್ತು ಎಂಬುದನ್ನು ಗಡಿಯಾರ ಮುಟ್ಟದೆ ಪತ್ತೆ ಮಾಡುತ್ತಾರೆ. ಅಳತೆಗಳು ತೀರಾ ಒಂದೇ ರೀತಿ ಕಾಣಬಾರದೆಂದು ಅಲ್ಲೊಂದು ಇಲ್ಲೊಂದು ಪಾಯಿಂಟು ಆಚೀಚೆ ಮಾಡುವ ಕಲೆಯೂ ಅವರಿಗೆ ಕರಗತ. ಅಂಥ ಮೂವತ್ತು ರೆಕಾರ್ಡುಗಳ ನಡುವೆ ಡೌಟಪ್ಪನದೊಂದರಲ್ಲಿ 9.62 ಇತ್ತು.

“ಏನೋ ಇದು?”

“ಬಂದಿದ್ದೇ ಇಷ್ಟು ಸಾರ್. ಮೂರು ಸಲ ಮಾಡಿದೆ. ಬೆಂಗಳೂರಲ್ಲಿ ನಿಜವಾದ ಬೆಲೆ 9.78, ಅದು ನಂಗೊತ್ತು. ಬಾಕಿ ಎಲ್ಲಿ ಹೋಯ್ತು ಅಂತ ನೋಡ್ತಾ ಇದೀನಿ. ಕಾಲೇಜ್ ಕೆಳಗೆ ಟೊಳ್ಳು ಏನಾದ್ರೂ ಇದೆಯಾ ಸಾರ್? ಕೋಲಾರದ ಕಡೆ ಗಣಿ ಇಲ್ವಾ, ಆ ಥರ?”

ಗಣಿಯ ಮಾತು ಬಂದರೆ ಅವನನ್ನು ಹಿಡಿಯುವುದು ಕಷ್ಟ. 1965ರಲ್ಲಿ ಕೆಜಿಎಫ್ ಗಣಿಯ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಪತ್ತೆಹಚ್ಚಿದ ಕಥೆಗೆ ಹೊರಳಿಬಿಡುತ್ತಾನೆ. ಅಷ್ಟರಲ್ಲಿ ಬೀಕರು ತೊಳೆಯುತ್ತಿದ್ದ ನಮ್ಮ ಅಟೆಂಡರು ತಲೆ ಎತ್ತದೆಯೇ ಕೇಳಿದರು: “ಏನಪ್ಪಾ, ದಾರ ಎಲ್ಲೀಗಂಟ ಅಳದೆ?”

“ಗುಂಡಿನ ಕೊಕ್ಕೆವರೆಗೆ. 60 ಸೆಂಟಿಮೀಟರ್.”

“ಗುಂಡಿನ ಅರ್ಧ ಯಾರು ಸೇರಿಸ್ಬೇಕು?”

ಅರ್ಧ ಗುಂಡು ಎಂದರೆ ಒಂದು ಸೆಂಟಿಮೀಟರು. ಸೇರಿಸಿದರೆ ಲೆಕ್ಕ 9.78ಕ್ಕೆ ಬಂದು ಕೂತಿತು. ಡೌಟಪ್ಪ ಕುಣಿದಾಡಿಬಿಟ್ಟ. ಮಿಕ್ಕ ಮೂವತ್ತು ಜನ ಅವನನ್ನು ಕನಿಕರದಿಂದ ನೋಡಿದರು. ಅವರ ರೆಕಾರ್ಡಿಗೆ ಅಷ್ಟು ಹೊತ್ತಿಗೆ ಸಹಿ ಬಿದ್ದು, ಅವರು ಬಸ್ಸಿಗೆ ಹೊರಟಾಗಿತ್ತು.

ಒಂದು ವರ್ಷ ಆ ಪಟ್ಟ ಡೌಟಮ್ಮನೊಬ್ಬಳಿಗೆ ಹೋಗಿತ್ತು. ಆ ಸಲದ ವಿಜ್ಞಾನ ದಿನಾಚರಣೆಯನ್ನು ನಮ್ಮ ಪ್ರಿನ್ಸಿಪಾಲರು ಮರೆತಿಲ್ಲ. ಫೆಬ್ರವರಿ 28, ರಾಮನ್ ಎಫೆಕ್ಟಿನ ದಿನ. ಮುಖ್ಯ ಅತಿಥಿಗಳು ಹಾರ, ಶಾಲು, ಹಣ್ಣಿನ ಬುಟ್ಟಿ ಸ್ವೀಕರಿಸಿ ಸೊಗಸಾಗಿ ಮಾತಾಡಿದರು. 1921ರಲ್ಲಿ ರಾಮನ್ ಹಡಗಿನಲ್ಲಿ ಬರುತ್ತಿದ್ದಾಗ ಸಮುದ್ರದ ನೀಲಿ ನೋಡಿದ್ದು, ಅದು ಆಕಾಶದ ಪ್ರತಿಬಿಂಬವಷ್ಟೇ ಎಂದು ಲಾರ್ಡ್ ರ‍್ಯಾಲೆ ಹೇಳಿದ್ದನ್ನು ಒಪ್ಪದೆ ಡೆಕ್ಕಿನ ಮೇಲೇ ಪ್ರಿಸಂ ಹಿಡಿದು ಪರೀಕ್ಷಿಸಿದ್ದು, 1928ರ ಶೋಧ, 1930ರ ನೊಬೆಲ್, ಎಲ್ಲ ಬಂತು. “ರಾಮನ್ ದೊಡ್ಡವರನ್ನೂ ಪ್ರಶ್ನಿಸಿದರು. ನೀವೂ ಪ್ರಶ್ನಿಸಬೇಕು ಮಕ್ಕಳೇ!” ಚಪ್ಪಾಳೆ. ಚಪ್ಪಾಳೆ ನಿಂತ ಕಡೆ ಬೆರಳು ಎದ್ದಿತ್ತು.

“ಸಾರ್, ಚಿಕ್ಕ ಅಲೆಯ ಬೆಳಕು ಜಾಸ್ತಿ ಚದುರುತ್ತೆ, ಅದಕ್ಕೆ ಆಕಾಶ ನೀಲಿ ಅಂದ್ರಿ. ನೇರಳೆಯದ್ದು ನೀಲಿಗಿಂತ ಚಿಕ್ಕ ಅಲೆ. ಮತ್ತೆ ಆಕಾಶ ನೇರಳೆ ಯಾಕಿಲ್ಲ?”

ಅತಿಥಿಗಳು ಪ್ರಿನ್ಸಿಪಾಲರನ್ನು ನೋಡಿದರು. ಪ್ರಿನ್ಸಿಪಾಲರು ಗಡಿಯಾರವನ್ನು ನೋಡಿದರು. ಕನ್ನಡ ಮೇಷ್ಟರು ಮೈಕಿನ ಹತ್ತಿರವೇ ಇದ್ದವರು ಸಮಯಪ್ರಜ್ಞೆ ಮೆರೆದು ವಂದನಾರ್ಪಣೆಯನ್ನೂ ಹಾರಿಸಿ ನೇರ ರಾಷ್ಟ್ರಗೀತೆಗೆ ಎಲ್ಲರನ್ನೂ ನಿಲ್ಲಿಸಿಬಿಟ್ಟರು. ಅದು ಶುರುವಾದ ಮೇಲೆ ಯಾವ ಡೌಟಮ್ಮನೂ ಮಾತಾಡುವಂತಿಲ್ಲವಲ್ಲ! ಸೂರ್ಯನ ಬೆಳಕಿನಲ್ಲೇ ನೇರಳೆ ಕಡಿಮೆ, ಜೊತೆಗೆ ನಮ್ಮ ಕಣ್ಣಿಗೆ ನೇರಳೆಗಿಂತ ನೀಲಿಯ ಮೇಲೆ ಮಮತೆ ಹೆಚ್ಚು ಎಂದು ಆಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಅವಳಿಗೆ ಹೇಳಿದೆ. “ಅಂದ್ರೆ ಜೇನುನೊಣಕ್ಕೆ ಆಕಾಶ ಬೇರೆ ಬಣ್ಣ ಕಾಣುತ್ತಾ ಸಾರ್?” ಎಂದಳು. ಅವಳ ಬಸ್ಸು ಬಂದದ್ದು ನನ್ನ ಪುಣ್ಯ.

ಇಂಥವರು ಸಿಇಟಿ ಬರೆಯುವುದನ್ನು ನೆನೆದರೆ ಹೊಟ್ಟೆ ಚುರುಕ್ಕೆನ್ನುತ್ತದೆ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಡೌಟಪ್ಪನಿಗೆ ಪ್ರಶ್ನೆಯ ಮೇಲೆ ಡೌಟು ಹುಟ್ಟುವುದಕ್ಕೇ ಅಷ್ಟು ಬೇಕು. ನಾಲ್ಕು ಉತ್ತರ ಕೊಟ್ಟರೆ ಅವನಿಗೆ ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಕಾಣುತ್ತದೆ. ಆ ಬೇಳೆಯ ಹುಡುಗ ಮಾದರಿ ಪರೀಕ್ಷೆಯಲ್ಲಿ ನೀರಿನ ಕುದಿಬಿಂದುವಿನ ಪ್ರಶ್ನೆಯನ್ನು ಖಾಲಿ ಬಿಟ್ಟು ಬಂದಿದ್ದ. ಯಾಕೋ ಎಂದರೆ, “ಯಾವ ಊರಲ್ಲಿ ಅಂತ ಕೊಟ್ಟಿರಲಿಲ್ಲ ಸಾರ್.”

ಇವೆಲ್ಲಕ್ಕಿಂತ ದೊಡ್ಡ ಡೌಟು ಸೆಕೆಂಡ್ ಪಿಯುಸಿಯ ಡಿಸೆಂಬರಿನಲ್ಲಿ ಬರುತ್ತದೆ. ತಾನು ಸೈನ್ಸ್ ತಗೊಂಡದ್ದು ಸರಿಯೇ ಎಂಬ ಡೌಟು. ಅವನಿಗೆ ಫಿಸಿಕ್ಸೇ ಓದಬೇಕು. ಮನೆಯವರಿಗೆ ಸಿಎಸ್ ಸೀಟು ಬೇಕು. “ಕಂಪ್ಯೂಟರ್ ಸೈನ್ಸಲ್ಲಿ ಸೈನ್ಸ್ ಎಷ್ಟಿದೆ ಸಾರ್?” ಎಂದು ಕೇಳುತ್ತಾನೆ. ಒಂದು ಸಂಜೆ ಅಪ್ಪ, ಅಮ್ಮ, ಸೋದರಮಾವ ಮೂವರೂ ಅವನನ್ನು ನನ್ನ ಮುಂದೆ ಕೂರಿಸಿದರು. “ಬಿಎಸ್ಸಿ ಮಾಡಿ ಏನಾಗ್ತಾನೆ ಹೇಳಿ? ಕೊನೆಗೆ ಮೇಷ್ಟರಾಗೋದು ತಾನೆ?” ಎಂದರು ಸೋದರಮಾವ, ನಾನು ಕೊಟ್ಟ ಕಾಫಿ ಕುಡಿಯುತ್ತಾ. ಅಮ್ಮ ಕಣ್ಸನ್ನೆ ಮಾಡಿದರೂ ಅವರಿಗೆ ಹೊಳೆಯಲಿಲ್ಲ. ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ, ಪ್ರಯತ್ನ ಮಾಡಲಿ ಎಂದೆ. ಅದೆಲ್ಲಿ ಎಂದು ಅಪ್ಪ ಕೇಳಿದರು. ಟಾಟಾ ಇನ್‌ಸ್ಟಿಟ್ಯೂಟು ಎಂದದ್ದೇ ತಡ, ಮೂವರೂ ನೆಟ್ಟಗೆ ಕೂತರು. “ಟಾಟಾದವರದ್ದಾ? ಹಂಗಾದ್ರೆ ಕೆಲಸ ಅವರೇ ಕೊಡ್ತಾರೆ ಬಿಡಿ,” ಎಂದರು ಸೋದರಮಾವ. ನಾನು ತಿದ್ದಲು ಹೋಗಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬರುವ ಎಕ್ಸ್‌ಟರ್ನಲ್ ಬಗ್ಗೆ ಹುಡುಗರಲ್ಲಿ ಮೊದಲೇ ಸುದ್ದಿ ಹಬ್ಬಿರುತ್ತದೆ. ಆ ಸಲ ಬಂದವರು ಅತಿ ಖಡಕ್ ಎಂದು ಹೆಸರಾದವರು, ವೈವಾದಲ್ಲಿ ಬೆವರಿಳಿಸುತ್ತಾರೆ ಎಂದು ಬೆಳಗ್ಗೆಯಿಂದ ಕಾರಿಡಾರಿನಲ್ಲಿ ಗುಸುಗುಸು. ಡೌಟಪ್ಪನ ನಂಬರು ಮಧ್ಯದಲ್ಲಿ, ಅವನ ಹಿಂದೆ ಹನ್ನೆರಡು ಜನ ರೆಕಾರ್ಡು ಎದೆಗವಚಿಕೊಂಡು ಸಾಲು ನಿಂತಿದ್ದರು.

“ಗ್ಯಾಲ್ವನೋಮೀಟರನ್ನ ವೋಲ್ಟ್‌ಮೀಟರ್ ಮಾಡೋದು ಹೇಗೆ?”

“ದೊಡ್ಡ ರೆಸಿಸ್ಟನ್ಸನ್ನ ಸೀರೀಸಲ್ಲಿ ಹಾಕ್ಬೇಕು ಸಾರ್.” ಅಲ್ಲಿಗೆ ನಿಲ್ಲಿಸಿದ್ದರೆ ಪೂರ್ತಿ ಮಾರ್ಕ್ಸು. ಬೆರಳು ಎದ್ದಿತು. “ಆದ್ರೆ ಸಾರ್, ಒಂದ್ ಸಣ್ಣ ಡೌಟು. ಎಷ್ಟೇ ದೊಡ್ಡದು ಹಾಕಿದ್ರೂ ಮೀಟರು ಒಂಚೂರು ಕರೆಂಟ್ ತಗೊಂಡೇ ತಗೊಳ್ಳುತ್ತೆ. ಅಂದ್ರೆ ಜೋಡಿಸಿದ ಕೂಡ್ಲೇ ಸರ್ಕ್ಯೂಟ್ ಬದಲಾಯ್ತು. ಮೀಟರ್ ಇಲ್ಲದೆ ಇದ್ದಾಗ ಅಲ್ಲಿ ಎಷ್ಟಿತ್ತು ಅಂತ ಅಳೆದು ನೋಡಿದವರು ಯಾರು?”

ಎಕ್ಸ್‌ಟರ್ನಲ್ ಪೆನ್ನು ಕೆಳಗಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ಸ್ಟೂಲೊಂದನ್ನು ಎಳೆದು ಹುಡುಗನನ್ನು ಕೂರಿಸಿ, ಅವನ ರೆಕಾರ್ಡಿನ ಹಿಂಬದಿಯಲ್ಲೇ ಸರ್ಕ್ಯೂಟ್ ಬರೆಯುತ್ತಿದ್ದರು. “ಅದಕ್ಕೇ ಕಣೋ ಪೊಟೆನ್ಷಿಯೋಮೀಟರು! ಬ್ಯಾಲೆನ್ಸ್ ಆದಾಗ ಅದು ಕರೆಂಟೇ ತಗೊಳ್ಳಲ್ಲ, ನೋಡಿಲ್ಲಿ…” “ಹಂಗಾದ್ರೆ ಬ್ಯಾಲೆನ್ಸ್ ಆಯ್ತು ಅಂತ ತೋರ್ಸೋ ಗ್ಯಾಲ್ವನೋಮೀಟರು ಸರಿಯಾಗಿದೆ ಅಂತ ಹೆಂಗೆ ಗೊತ್ತು ಸಾರ್?” “ಅಹಾ! ನಮ್ಮ ಮೇಷ್ಟ್ರನ್ನ ನಾನೂ ಇದನ್ನೇ ಕೇಳಿ ಬೈಸಿಕೊಂಡಿದ್ದೆ…”

ಅರ್ಧ ಗಂಟೆ ಆಯಿತು. ಊಟದ ಹೊತ್ತು ಮೀರಿತ್ತು. ಅಟೆಂಡರು ತಂದಿಟ್ಟ ಕಾಫಿ ಆರಿತ್ತು. ಎಕ್ಸ್‌ಟರ್ನಲ್ ಗಡಿಯಾರ ನೋಡಿ ಗಾಬರಿಯಾಗಿ, ಹಿಂದಿನವರ ಐದಾರು ರೆಕಾರ್ಡನ್ನು ಒಟ್ಟಿಗೇ ಎಳೆದುಕೊಂಡು, ಹೆಸರು ಕೇಳಿ ಸಹಿ ಹಾಕಿ, “ಮುಂದೆ, ಮುಂದೆ” ಎಂದು ಕಳಿಸತೊಡಗಿದರು. ಎರಡು ವರ್ಷ ಡೌಟಪ್ಪನನ್ನು ಬಾಯ್ತುಂಬ ಬೈದಿದ್ದ ಕೊನೇ ಬೆಂಚಿನವನೊಬ್ಬ ಸಾಲಿನ ತುದಿಯಿಂದ ಕತ್ತು ಚಾಚಿ, ಎದ್ದು ಹೊರಡಲಿದ್ದವನ ಅಂಗಿ ಹಿಡಿದೆಳೆದು ಪಿಸುಗುಟ್ಟಿದ: “ಲೋ ಮಗಾ, ಎಲ್ಲಿಗ್ ಹೋಗ್ತೀಯೋ? ಇನ್ನೂ ನಾವು ಆರು ಜನ ಇದೀವಿ. ಇನ್ನೊಂದ್ ಡೌಟು ಕೇಳೋ!”