ಅರ್ಧಕೌದಿ ಮೀಮಾಂಸೆ

ಲಕ್ಷಣ: ಆಯಿ ಹೊಲಿಯಲು ಕೂತು, ನಾಲ್ಕೂ ಅಂಚು ಮುಗಿಸಿ, ನಡು ಬಿಟ್ಟು ತೀರಿಕೊಂಡರೆ ಉಳಿಯುವ ವಸ್ತುವಿಗೆ ಅರ್ಧಕೌದಿ ಎಂದು ಹೆಸರು. ಕೌದಿಯ ಹೊಲಿಗೆ ಅಂಚಿನಿಂದ ಸುತ್ತುತ್ತ ಒಳಗೆ ಸಾಗುವುದರಿಂದ ಅಪೂರ್ಣತೆ ಯಾವಾಗಲೂ ಹೊಟ್ಟೆಯಲ್ಲಿರುತ್ತದೆ. ಅಲ್ಲಿ ಇಳಕಲ್ ಸೀರೆ, ಮಾವನ ಧೋತರ, ಯಾರದೋ ಖಾಕಿ ಚಡ್ಡಿ ಪದರು ಪದರಾಗಿ ಸಡಿಲ ಬಿದ್ದಿರುತ್ತವೆ. ಕೊನೆಯ ಸಾಲಿನಲ್ಲಿ ಚುಚ್ಚಿದ ಸೂಜಿ ಹಾಗೇ ಇದ್ದು, ಸುತ್ತ ತುಕ್ಕಿನ ಕಂದು ಕಲೆ ಹಬ್ಬಿದ್ದರೆ ಅಸಲಿ. ಸೂಜಿ ಇಲ್ಲದ್ದು ಬರೀ ಅರಿವೆ ಗಂಟು. ಅದಕ್ಕೆ ವಾರಸುದಾರರು ಜಗಳಾಡುವುದಿಲ್ಲ.

ಇದನ್ನು ಮುಗಿಸಬೇಕೆ ಎಂಬಲ್ಲಿ ಊರಿಗೊಂದು ಮತ.

ಬೀದರ್ ನಗರದವರು ಮುಗಿಸಲೇಬಾರದು ಎನ್ನುತ್ತಾರೆ. ಅವರಿಗೆ ಪಕ್ಕದ ಅಷ್ಟೂರಿನ ಗೋರಿಗಳೇ ಪ್ರಮಾಣ. 1463ರಲ್ಲಿ ತೀರಿದ ನಿಜಾಮ್ ಶಾಹ, 1482ರಲ್ಲಿ ತೀರಿದ ಮೂರನೆಯ ಮುಹಮ್ಮದ್ ಶಾಹ, ಈ ಇಬ್ಬರು ಬಹಮನಿ ಸುಲ್ತಾನರ ಗೋರಿಗಳೂ ಇವತ್ತಿಗೂ ಅರ್ಧಂಬರ್ಧ. ಅಲ್ಲೇ ಇರುವ ಬಹಮನಿ ಹುಮಾಯೂನ್ ಶಾಹನದು ಪೂರ್ತಿಯಾಗಿತ್ತು. ಸಿಡಿಲು ಬಡಿದು ಗುಮ್ಮಟ ಸೀಳಿತು. ಮುಗಿಸಿದ್ದಕ್ಕೆ ಸಿಡಿಲು, ಬಿಟ್ಟದ್ದಕ್ಕೆ ಪುರಾತತ್ವ ಇಲಾಖೆಯ ಕಾವಲು! ಹೀಗಾಗಿ ಇವರ ಕೌದಿ ಸಂದೂಕಿನೊಳಗೆ ಡಾಂಬರುಗುಳಿಗೆಯ ಬಂದೋಬಸ್ತಿನಲ್ಲಿದೆ. ಹೊದೆಯುವಂತಿಲ್ಲ, ಬೀಗರಿಗೆ ತೋರಿಸಬಹುದು.

ಭಾಲ್ಕಿಯವರ ಆಧಾರ ಇನ್ನೂ ಘನ. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರು. ಒಳಗಿನದು ಉಳಿದರಾಯಿತು, ಹೊರಗೇನಿದ್ದರೇನು ಎಂದು ಇಲ್ಲಿನ ಸೊಸೆಯರು ಅರ್ಧಕೌದಿಯ ಮೇಲೆ ಹೂವಿನ ಬೆಡ್‌ಶೀಟು ಹಾಸಿ ಮಷೀನಿನಲ್ಲಿ ನಾಲ್ಕು ಹೊಲಿಗೆ ಓಡಿಸುತ್ತಾರೆ. ಭಾಷೆ ಉಳಿಸಿದ ಉಪಾಯವನ್ನು ಬೆರಳು ಉಳಿಸಲು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಕೌದಿ ಮಾತ್ರ ಬೆಚ್ಚಗಿದೆ.

ಕೈಯಿಂದಲೇ ಮುಗಿಸಹೊರಟವರ ಪಾಡು ಬೇರೆ. ಆಯಿಯ ಹೊಲಿಗೆ ಜೋಳದ ಕಾಳಿನಷ್ಟು, ಮೊಮ್ಮಗಳದು ಹುಣಸೆಬೀಜದಷ್ಟು. ಸೋದರತ್ತೆ ಚಾಳೀಸು ಏರಿಸಿ ನೋಡಿ, “ಛಲೋ ಆಗ್ಯಾದ ಬಿಡವ್ವ” ಎನ್ನುತ್ತಾಳೆ. ಹುಡುಗಿ ಬೆಂಗಳೂರಿನ ಬಸ್ಸು ಹತ್ತಿದ ಸಂಜೆಯೇ ಅದೇ ಅತ್ತೆ ಅಷ್ಟನ್ನೂ ಬಿಚ್ಚುತ್ತಾಳೆ. ಮುಂದಿನ ಬೇಸಿಗೆಗೆ ಇನ್ನೊಬ್ಬ ಮೊಮ್ಮಗಳು, ಅದೇ ನಡು, ಅದೇ ಪ್ರಶಂಸೆ, ಅದೇ ಕತ್ತರಿ. ಆದ್ದರಿಂದ ಕೌದಿಯನ್ನು ಅರ್ಧಕ್ಕೆ ನಿಲ್ಲಿಸಿದವಳು ಆಯಿ ಎಂಬ ಪೂರ್ವಪಕ್ಷ ಬಿದ್ದುಹೋಗುತ್ತದೆ. ಆಕೆ ನಿಲ್ಲಿಸಿದ್ದು ಒಂದೇ ಸಲ.

ಔರಾದಿನ ಶಾಸ್ತ್ರ ಚಿಕ್ಕದು. ಗಡಿಯೂರು, ಒಂದು ಓಣಿಯಲ್ಲಿ ಕೌದಿ, ಇನ್ನೊಂದರಲ್ಲಿ ಗೋಧಡಿ. ಅಲ್ಲಿನ ಮುದುಕಿ ಯಾರ ಹೊಲಿಗೆಯನ್ನೂ ಅಳೆಯದೆ, ಹುಡುಗನ ಕೈಲಿ ದಾರ ಪೋಣಿಸಿಕೊಂಡು, ದೊಡ್ಡದು ಸಣ್ಣದು ನೋಡದೆ ನಡುವನ್ನು ಹೊಲಿದು ಮುಗಿಸುತ್ತಾಳೆ. ಪರಂಪರೆಯ ಗತಿಯೇನು ಎಂದು ಬೀದರಿನ ಪಂಡಿತರು ಕೇಳಿದರೆ, “ಥಂಡಿ ಅದರಿ” ಅನ್ನುತ್ತಾಳೆ.