ಸಿಲಬಸ್ಸಿನಲ್ಲಿ ಇಲ್ಲದ ತಾತ

ಅಮೆರಿಕದಲ್ಲಿರುವ ಮಗನ ಮನೆಗೆ ಆರು ತಿಂಗಳಿಗೆಂದು ಬರುವ ನಿವೃತ್ತ ಅಪ್ಪಂದಿರಿಗೆ ಸಾಮಾನ್ಯವಾಗಿ ಪಾತ್ರೆ ಖಾತೆ ಸಿಗುತ್ತದೆ. ನನಗೆ ಶಿಕ್ಷಣ ಖಾತೆ ಸಿಕ್ಕಿತು. ಕೊಟ್ಟವರು ಯಾರೂ ಇಲ್ಲ, ನಾನೇ ವಹಿಸಿಕೊಂಡೆ.

ನ್ಯೂಜೆರ್ಸಿಯಲ್ಲಿ ಹೈಸ್ಕೂಲು ಓದುವ ಮೊಮ್ಮಗಳು ಎಪಿ ಕಂಪ್ಯಾರಟಿವ್ ಗವರ್ನಮೆಂಟ್ ಎಂಬ ಕಾಲೇಜು ಮಟ್ಟದ ಪರೀಕ್ಷೆಗೆ ಕಟ್ಟಿದ್ದಳು. ಶಾಲೆಯಲ್ಲಿ ಆ ಪಾಠ ಇಲ್ಲ. ಇಲ್ಲದಿದ್ದರೂ ಹೆಸರು ಕೊಟ್ಟು, ಸುಮಾರು ನೂರು ಡಾಲರ್ ತೆತ್ತು, ಮೇ ತಿಂಗಳಲ್ಲಿ ಹೋಗಿ ಬರೆಯಬಹುದಂತೆ. ನಮ್ಮ ಕಡೆ ಖಾಸಗಿಯಾಗಿ ಕಟ್ಟುವುದೆಂದರೆ ಫೇಲಾದವರ ಪಾಡು. ಇಲ್ಲಿ ಜಾಣರ ಶೋಕಿ.

ನಾನೋ, ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಯೇ ತಲೆ ನರೆತವನು. ಬ್ರಿಟನ್, ಅಮೆರಿಕ, ಸ್ವಿಟ್ಜರ್ಲೆಂಡ್ ಸಂವಿಧಾನಗಳನ್ನು ನಿದ್ದೆಯಲ್ಲಿ ಕೇಳಿದರೂ ಒಪ್ಪಿಸಿಯೇನು. ಇವಳ ಪಟ್ಟಿಯಲ್ಲಿ ನೋಡಿದರೆ ಬ್ರಿಟನ್, ರಷ್ಯಾ, ಚೀನಾ, ಇರಾನ್, ಮೆಕ್ಸಿಕೊ, ನೈಜೀರಿಯಾ. ಮುಗಿಯಿತು.

‘ಭಾರತ ಎಲ್ಲೇ?’

‘ಇಲ್ಲ ತಾತ. ಎಲ್ಲಾ ಥರದ ಸರ್ಕಾರಕ್ಕೂ ಸ್ಯಾಂಪಲ್ ಬೇಕು ಅಂತ ಆರು ತಗೊಂಡಿದಾರೆ.’

2024ರಲ್ಲಿ 96 ಕೋಟಿಗೂ ಮೀರಿ ಮತದಾರರಿದ್ದ ದೇಶಕ್ಕೆ ಜಾಗವಿಲ್ಲ! ಎಲ್ಲಾ ಥರದ ಸ್ಯಾಂಪಲ್ಲೂ ನಮ್ಮಲ್ಲೇ ಸಿಗುತ್ತದಲ್ಲ ಎಂದು ಶುರುಮಾಡಿದೆ. ‘ಅಪ್ಪಾ, ಅವಳಿಗೆ ಟೆಸ್ಟ್ ಇದೆ’ ಎಂದು ಮಗ ಅಲ್ಲಿಗೇ ತಡೆದ.

ಬ್ರಿಟನ್ನಿನಿಂದ ಆರಂಭ. ಅಲ್ಲಿ ಸಂಸತ್ತು ಸೇರಿರುವಾಗ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ರಧಾನಿಯನ್ನು ಪ್ರಶ್ನೆ ಕೇಳುತ್ತಾರೆ. ಅದು ನ್ಯೂಜೆರ್ಸಿಯ ಬೆಳಗಿನ ಏಳು. ಉಪ್ಪಿಟ್ಟಿನ ತಟ್ಟೆ ಹಿಡಿದು ಇಡೀ ಸಂಸಾರ ಟಿವಿ ಮುಂದೆ. ಎದುರುಬದುರು ಹಸಿರು ಬೆಂಚು, ನಡುವೆ ನೆಲದ ಮೇಲೆ ಎರಡು ಕೆಂಪು ಗೆರೆ. ಕತ್ತಿ ಬೀಸಿದರೂ ಆಚೆಯವನಿಗೆ ತಾಕದಷ್ಟು ಅಂತರ ಅಂತ ಪ್ರತೀತಿ. ನನ್ನಾಕೆ ಗೆರೆಯನ್ನೇ ನೋಡಿ, ‘ಜಗಳಕ್ಕೂ ಅಚ್ಚುಕಟ್ಟು ಮಾಡ್ಕೊಂಡಿದಾರಲ್ರೀ’ ಎಂದಳು. ಚೀನಾದ ಸರದಿ ಬಂದಾಗಲೂ ಅವಳದೇ ಪ್ರಶ್ನೆ. 2018ರಲ್ಲಿ ಅಧ್ಯಕ್ಷರ ಅವಧಿಯ ಮಿತಿ ತೆಗೆದುಹಾಕಲು ಪರವಾಗಿ 2,958 ಮತ, ವಿರುದ್ಧ ಎರಡು. ‘ಆ ಇಬ್ಬರು ಯಾರೋ ಪಾಪ?’

ಇರಾನಿನ ಗಾರ್ಡಿಯನ್ ಕೌನ್ಸಿಲ್ ಮಾತ್ರ ಮಗುವಿಗೆ ತಲೆಗೆ ಹತ್ತಲಿಲ್ಲ. ಹನ್ನೆರಡು ಜನರ ಮಂಡಳಿ. ಅವರು ಒಪ್ಪಿದವರಷ್ಟೇ ಚುನಾವಣೆಗೆ ನಿಲ್ಲಬಹುದು. 2021ರ ಅಧ್ಯಕ್ಷ ಚುನಾವಣೆಗೆ 592 ಜನ ಹೆಸರು ಕೊಟ್ಟರು, ಜರಡಿ ದಾಟಿದವರು ಏಳು. ‘ಹಾಗಾದರೆ ಜನ ಓಟು ಹಾಕೋದು ನಿಜಾನಾ, ನಾಟಕಾನಾ?’ ಎಂದಳು. ನಿನ್ನ ಅತ್ತೆಯ ಮದುವೆ ನೆನೆಸಿಕೋ ಎಂದೆ. ಜಾತಕ, ಗೋತ್ರ, ಸಂಬಳ ಎಲ್ಲ ನೋಡಿ ನಾವು ಮೂರು ಗಂಡು ಉಳಿಸಿದೆವು. ಆಮೇಲೆ ಅವಳಿಗೆ ಪೂರ್ಣ ಸ್ವಾತಂತ್ರ್ಯ. ಪುಟ್ಟಿ ಒಂದು ಕ್ಷಣ ನನ್ನನ್ನು ದಿಟ್ಟಿಸಿ ನೋಡಿ, ಏನೋ ಟೈಪು ಮಾಡಿಕೊಂಡಳು.

ನಾನು ಕಾಯುತ್ತಿದ್ದದ್ದು ನೈಜೀರಿಯಾಕ್ಕೆ. ಅಲ್ಲಿ ಅಧ್ಯಕ್ಷನಾಗಲು ಹೆಚ್ಚು ಮತ ಬಂದರೆ ಸಾಲದು, ಮೂರನೇ ಎರಡರಷ್ಟು ರಾಜ್ಯಗಳಲ್ಲಿ ತಲಾ ಶೇ 25 ಬರಬೇಕು. ಒಂದೇ ಸೀಮೆಯವನು ಗದ್ದುಗೆ ಏರಬಾರದೆಂಬ ಒಳ್ಳೆಯ ಯೋಚನೆ. ಆದರೆ 1979ರಲ್ಲಿ ಇದ್ದದ್ದು ಹತ್ತೊಂಬತ್ತು ರಾಜ್ಯ. ಅದರ ಮೂರನೇ ಎರಡು ಅಂದರೆ ಎಷ್ಟು? ಹನ್ನೆರಡು, ಮೇಲೆ ಮೂರನೇ ಎರಡು ರಾಜ್ಯ! ಶೆಹು ಶಗಾರಿಗೆ ಹನ್ನೆರಡರಲ್ಲಿ ದಕ್ಕಿತ್ತು. ಹದಿಮೂರನೆಯದಾದ ಕಾನೋದಲ್ಲಿ ಶೇ 25 ಇಲ್ಲ. ಚುನಾವಣಾ ಆಯೋಗ ಕಾನೋದ ಮತಗಳನ್ನು ಕಾಗದದ ಮೇಲೆ ಮೂರು ಪಾಲು ಮಾಡಿ, ಎರಡು ಪಾಲಿನ ಕಾಲು ಭಾಗ ಬಂದರೆ ಸಾಕೆಂದು ಗೆಲ್ಲಿಸಿತು. ಸೋತ ಅವೊಲೊವೊ ಸುಪ್ರೀಂ ಕೋರ್ಟಿಗೆ ಹೋದರೂ ಲೆಕ್ಕ ಬದಲಾಗಲಿಲ್ಲ. ಈಗ ರಾಜ್ಯಗಳು ಮೂವತ್ತಾರು, ನಿಶ್ಶೇಷ ಭಾಗವಾಗುತ್ತದೆ. ಇಷ್ಟನ್ನೂ ಯಾವುದೋ ಜಾಹೀರಾತು ಲಕೋಟೆಯ ಹಿಂದೆ ಗೀಚಿ ಗೀಚಿ ತೋರಿಸಿದೆ. ನನ್ನ ಮಟ್ಟಿಗೆ ಅಂಥ ಪಾಠ ನಾನು ಸರ್ವೀಸಿನಲ್ಲೇ ಮಾಡಿರಲಿಲ್ಲ.

‘ಸಖತ್ತಾಗಿದೆ ತಾತ. ಇದು ಸಿಲಬಸ್ಸಲ್ಲಿದೆಯಾ?’

ಇರಲಿಲ್ಲ.

ಉತ್ತರ ಬರೆಯುವ ವಿದ್ಯೆಯಲ್ಲಂತೂ ನಮಗಿಬ್ಬರಿಗೂ ಆಗಿಬರಲಿಲ್ಲ. ಒಂದು ಗಂಟೆಯಲ್ಲಿ 55 ಬಹು ಆಯ್ಕೆ ಪ್ರಶ್ನೆ, ಒಂದೂವರೆ ಗಂಟೆಯಲ್ಲಿ ನಾಲ್ಕು ಬರಹದ ಉತ್ತರ. ನಮ್ಮ ಕಾಲದಲ್ಲಿ ಅಡಿಷನಲ್ ಶೀಟಿಗೆ ದಾರ ಕಟ್ಟುವುದರಲ್ಲೇ ಅರ್ಧ ಪಾಂಡಿತ್ಯ. ತೌಲನಿಕ ರಾಜಕೀಯವೆಂದರೆ ನೂರೈವತ್ತೆಂಟು ಸಂವಿಧಾನಗಳನ್ನು ಕಲೆಹಾಕಿಸಿದ ಅರಿಸ್ಟಾಟಲನಿಂದ ಹೊರಡಬೇಕು, ಪೀಠಿಕೆ ಇಲ್ಲದ ಉತ್ತರ ಕುಂಕುಮವಿಲ್ಲದ ಹಣೆ ಎಂದು ಹೇಳಿಕೊಟ್ಟೆ. ಅವಳು ಅಂಕ ಕೊಡುವ ನಿಯಮಗಳ ಹಾಳೆ ತೆರೆದಳು. ವಾದಕ್ಕೆ ಅಂಕವಿತ್ತು, ಪುರಾವೆಗಿತ್ತು, ಎದುರು ವಾದಕ್ಕೆ ಕೊಟ್ಟ ಉತ್ತರಕ್ಕೂ ಇತ್ತು. ಅರಿಸ್ಟಾಟಲನಿಗೆ ಸೊನ್ನೆ.

ಪರೀಕ್ಷೆಯ ದಿನ ಬಾಗಿಲಲ್ಲೇ ಪ್ರಶ್ನೆಪತ್ರಿಕೆಗೆ ಕೈ ಚಾಚಿದೆ, ಪೆನ್ಸಿಲಿನಲ್ಲಿ ಗುರುತು ಹಾಕಿ ಅಂಕ ಕೂಡೋಣವೆಂದು. ಕಂಪ್ಯೂಟರಿನಲ್ಲಿ ಬರೆದದ್ದಂತೆ, ಪತ್ರಿಕೆಯೇ ಇಲ್ಲ. ಬಹು ಆಯ್ಕೆಯಲ್ಲಿ ಏನು ಕೇಳಿದರೆಂದು ಬಾಯಿ ಬಿಡಲೂ ಕೂಡದಂತೆ. ‘ನೈಜೀರಿಯಾ ಬಂತಾ, ಅದನ್ನಾದ್ರೂ ಹೇಳು’ ಎಂದರೆ ನಕ್ಕು ಫ್ರಿಜ್ಜಿಗೆ ಕೈ ಹಾಕಿದಳು.

ಫಲಿತಾಂಶ ಜುಲೈಗೆ, ಅಷ್ಟರಲ್ಲಿ ನಾವು ಮೈಸೂರಿನಲ್ಲಿರುತ್ತೇವೆ. ಮುಂದಿನ ವರ್ಷ ಸ್ಟಾಟಿಸ್ಟಿಕ್ಸನ್ನು ತಾನೇ ಓದಿಕೊಂಡು ಬರೆಯುತ್ತಾಳಂತೆ. ಸೊಸೆ, ನನ್ನಾಕೆ ಇಬ್ಬರೂ ಒಂದೇ ಉಸಿರಿಗೆ ‘ಅದೇ ಒಳ್ಳೇದು’ ಎಂದರು. ಅದು ನನಗೆ ಬರುವುದಿಲ್ಲ.