ವಿದ್ವಾಂಸರು ಯಾವ ಬಾಗಿಲಿಂದ ಬರ್ತಾರೆ?

ಮಂಗಳ ಹಾಡುವಾಗ ಎದ್ದು ಹೋಗಬಾರದು ಅನ್ನುವುದು ಸಂಗೀತ ಕಛೇರಿಗಳ ಹಳೆಯ ಶಿಷ್ಟಾಚಾರ. ಈಗಿನ ರಸಿಕರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ; ಮಂಗಳಕ್ಕೆ ಎರಡು ದೇವರನಾಮ ಮೊದಲೇ ಎದ್ದು ಹೋಗಿರುತ್ತಾರೆ. ಹೋಗುವುದು ಮನೆಗಲ್ಲ. ವೇದಿಕೆ ಪಕ್ಕದ ಓಣಿ, ಅಲ್ಲಿಂದ ಹಿಂಬಾಗಿಲು, ಹಿಂಬಾಗಿಲಿನೆದುರು ನಿಂತ ಬಿಳಿ ಇನ್ನೋವಾ. ಒಳಗೆ ವಿದ್ವಾಂಸರು ಕಾಪಿ ರಾಗದಲ್ಲಿ ಕಣ್ಣು ಮುಚ್ಚಿ ಕರಗುತ್ತಿದ್ದರೆ, ಹೊರಗೆ ಅವರ ಕಟ್ಟಾ ಅಭಿಮಾನಿಗಳು ಡ್ರೈವರನ್ನು ಸುತ್ತುವರಿದು ವಿಚಾರಣೆ ನಡೆಸುತ್ತಿರುತ್ತಾರೆ: "ಸಾರ್ ಈ ಬಾಗಿಲಿಂದಾನೇ ಬರ್ತಾರಾ, ಆ ಕಡೆಯಿಂದಾನಾ?"

ಆ ಹತ್ತು ನಿಮಿಷ ಡ್ರೈವರಿಗೆ ಸಿಗುವ ಮರ್ಯಾದೆ ಎಷ್ಟೋ ಪಕ್ಕವಾದ್ಯದವರಿಗೆ ಜೀವಮಾನದಲ್ಲಿ ಸಿಕ್ಕಿಲ್ಲ.

ಮೈಕು, ಸ್ಪೀಕರು ಇನ್ನೂ ಪಳಗದಿದ್ದ ಕಾಲದಲ್ಲಿ ಪಿಟೀಲು ಚೌಡಯ್ಯನವರು ತಮ್ಮ ವಾದ್ಯಕ್ಕೆ ಇನ್ನೂ ಮೂರು ತಂತಿ ಬಿಗಿದು ಏಳು ಮಾಡಿಕೊಂಡದ್ದು ಯಾಕೆ? ಹಿಂದಿನ ಸಾಲಿನವನಿಗೂ ನಾದ ಮುಟ್ಟಲಿ ಅಂತ. ಮಲ್ಲೇಶ್ವರದ ಬಳಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ್ದೇ ಭವನವೊಂದಿದೆ. ಇಂಥ ಭವನಗಳಲ್ಲಿ ಈಗ ಹಿಂದಿನ ಸಾಲಿಗೇ ಬೇಡಿಕೆ ಜಾಸ್ತಿ. ನಾದ ಮುಟ್ಟುತ್ತದೆ ಅಂತಲ್ಲ, ಬಾಗಿಲು ಮುಟ್ಟುವುದು ಸುಲಭ ಅಂತ.

ಇದೇನೂ ನಮ್ಮೂರಿನ ಸ್ವಂತ ರೋಗವಲ್ಲ, ಅಷ್ಟರಮಟ್ಟಿಗೆ ಸಮಾಧಾನ. 1956ರ ಡಿಸೆಂಬರ್ 15ರಂದು ಅಮೆರಿಕದ ಶ್ರೀವ್‌ಪೋರ್ಟ್‌ನಲ್ಲಿ 'ಲೂಸಿಯಾನಾ ಹೇರೈಡ್' ಕಾರ್ಯಕ್ರಮ. ಎಲ್ವಿಸ್ ಪ್ರೀಸ್ಲಿ ಹಾಡಿ ಒಳಕ್ಕೆ ಹೋದ. ಇನ್ನೂ ಹಾಡಬೇಕಾದ ಕಲಾವಿದರು ಮುಖ ತೊಳೆದು, ತಲೆ ಬಾಚಿಕೊಂಡು ಕಾದಿದ್ದಾರೆ; ಹುಡುಗ ಹುಡುಗಿಯರೆಲ್ಲ ಕುರ್ಚಿ ಬಿಟ್ಟು ಬಾಗಿಲ ಕಡೆ ನುಗ್ಗಿದರು. ನಿರೂಪಕ ಹೊರೇಸ್ ಲೋಗನ್ ಮೈಕು ಹಿಡಿದು, ಎಲ್ವಿಸ್ ಈ ಕಟ್ಟಡ ಬಿಟ್ಟು ಹೋಗಿಯಾಯಿತು, ದಯವಿಟ್ಟು ಕೂತುಕೊಳ್ಳಿ ಎಂದು ಬೇಡಿಕೊಂಡ. ಸಂಗೀತ ಇನ್ನೂ ಬಾಕಿ ಇದೆ ಎಂದರೆ ಯಾರೂ ಕೂರುವುದಿಲ್ಲ, ಆಸಾಮಿ ಕೈಗೆ ಸಿಗುವುದಿಲ್ಲ ಎಂದರೆ ಮಾತ್ರ ಕೂರುತ್ತಾರೆ ಎಂಬ ಸತ್ಯವನ್ನು ಅವನು ಕಂಡುಕೊಂಡಿದ್ದ. ಮುಂದೆ ಎಲ್ವಿಸ್ ಕಾರ್ಯಕ್ರಮಗಳಿಗೆಲ್ಲ ಆ ಘೋಷಣೆಯೇ ಮಂಗಳವಾಯಿತು.

ಅದಕ್ಕೂ ನೂರು ವರ್ಷ ಹಿಂದಕ್ಕೆ ಹೋದರೆ ಬರ್ಲಿನ್‌ನಲ್ಲಿ ಪಿಯಾನೊ ವಾದಕ ಫ್ರಾಂಜ್ ಲಿಸ್ಟ್. ಅವನ ಕೈಗವಸು, ಕರವಸ್ತ್ರಕ್ಕಾಗಿ ಕಿತ್ತಾಟ. ಅವನು ಸೇದಿ ಎಸೆದ ಚುಟ್ಟಾದ ತುಂಡನ್ನು ಲಾಕೆಟ್ಟಿನಲ್ಲಿಟ್ಟು ಕೊರಳಿಗೆ ಹಾಕಿಕೊಂಡವರಿದ್ದರಂತೆ. ಕವಿ ಹೈನೆ 1844ರಲ್ಲಿ ಈ ಹುಚ್ಚಿಗೆ ಲಿಸ್ಟೊಮೇನಿಯಾ ಎಂದೇ ಹೆಸರಿಟ್ಟ. ಆವತ್ತು ಅವನು ಏನು ನುಡಿಸಿದ ಎಂದು ಲಾಕೆಟ್ಟಿನವರನ್ನು ಕೇಳಿದ್ದರೆ ಬಹುಶಃ ಚುಟ್ಟಾದ ಬ್ರಾಂಡ್ ಹೇಳುತ್ತಿದ್ದರು.

ಬೀಟಲ್ಸ್ ಕಾಲಕ್ಕೆ ಕಿವಿಯ ಹಂಗೂ ಹೋಯಿತು. 1965ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಐವತ್ತೈದು ಸಾವಿರ ಜನ ಕಿರುಚಿದ ಕಿರುಚಾಟಕ್ಕೆ ವೇದಿಕೆಯ ಮೇಲಿದ್ದ ನಾಲ್ವರಿಗೇ ತಾವು ಹಾಡುತ್ತಿರುವುದು ಕೇಳಿಸಲಿಲ್ಲ. ಮರುವರ್ಷ ಅವರು ಊರೂರಿಗೆ ಹೋಗಿ ಹಾಡುವುದನ್ನೇ ಬಿಟ್ಟರು. ಅಭಿಮಾನಿಗಳು ಬಿಟ್ಟರೆ? ಲಂಡನ್ನಿನ ಸ್ಟುಡಿಯೊ ಬಾಗಿಲಲ್ಲಿ ಚಳಿ ಮಳೆಯೆನ್ನದೆ ಠಿಕಾಣಿ ಹೂಡಿದರು. ಆ ಹುಡುಗಿಯರ ಮೇಲೆ ಜಾರ್ಜ್ ಹ್ಯಾರಿಸನ್ 1970ರಲ್ಲಿ ಒಂದು ಹಾಡನ್ನೇ ಬರೆದ. ಪಾಲ್ ಮೆಕಾರ್ಟ್ನಿಯ ಮನೆಗೆ ಬಚ್ಚಲ ಕಿಟಕಿಯಿಂದ ನುಗ್ಗಿದವರೂ ಇದ್ದರು, ಅದೂ ಹಾಡಾಯಿತು. ಪೊಲೀಸರಿಗೆ ದೂರು ಕೊಡುವುದಕ್ಕಿಂತ ಹಾಡು ಬರೆಯುವುದು ಲಾಭ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು.

ಹಿಂಬಾಗಿಲಲ್ಲಿ ಇಷ್ಟೊಂದು ಜನ ಬಿಟ್ಟಿ ನಿಂತಿದ್ದಾರಲ್ಲ ಎಂದು ವ್ಯಾಪಾರಸ್ಥರ ಕಣ್ಣಿಗೆ ಬಿದ್ದ ಮೇಲೆ ಅದಕ್ಕೂ ಟಿಕೆಟ್ ಬಂತು, 'ಮೀಟ್ ಅಂಡ್ ಗ್ರೀಟ್'. 2014ರಲ್ಲಿ ಬ್ರೆಜಿಲ್‌ನಲ್ಲಿ ಗಾಯಕಿ ಅವ್ರಿಲ್ ಲವೀನ್ ಪಕ್ಕದಲ್ಲಿ ನಿಲ್ಲಲು ಸುಮಾರು 400 ಡಾಲರ್ ಕೊಟ್ಟವರಿಗೆ ಮುಟ್ಟುವಂತಿಲ್ಲ ಎಂಬ ನಿಯಮವಿತ್ತೆಂದು ಪತ್ರಿಕೆಗಳು ಬರೆದವು. ಆ ಫೋಟೊಗಳು ಲೋಕಪ್ರಸಿದ್ಧವಾದವು: ಬಾಡಿಗೆ ವಿಚಾರದಲ್ಲಿ ಜಗಳವಾಡಿಕೊಂಡ ಮಾಲೀಕರೂ ಬಾಡಿಗೆದಾರರೂ ಇಷ್ಟು ದೂರ ನಿಲ್ಲುವುದಿಲ್ಲ. 2016ರಲ್ಲಿ ಜಸ್ಟಿನ್ ಬೀಬರ್ ಇಂಥ ಭೇಟಿಗಳನ್ನೇ ರದ್ದು ಮಾಡಿದ. ಮನಸ್ಸು ಬರಿದಾಗುತ್ತಿದೆ ಎಂದ. ದುಡ್ಡು ಕೊಟ್ಟವರಿಗೆ ಕೋಪ ಬಂತು. ನಗುವಿಗೆ ಮುಂಗಡ ಕೊಟ್ಟ ಮೇಲೆ ನಗದಿದ್ದರೆ ಹೇಗೆ? ಆ ಮಟ್ಟಿಗೆ ನಮ್ಮ ತಿರುಪತಿ ತಿಮ್ಮಪ್ಪ ಪುಣ್ಯವಂತ. ಅವನೆದುರೂ 300 ರೂಪಾಯಿಯ ವಿಶೇಷ ಸಾಲಿದೆ, ಆದರೆ ಮೊಬೈಲ್ ಹೊರಗಿಡಬೇಕು, ಒಳಗೆ 'ಜರಗಂಡಿ' ಎಂದು ತಳ್ಳುವವರಿದ್ದಾರೆ, ಅವನು ಯಾರಿಗೂ ಹೆಗಲ ಮೇಲೆ ಕೈ ಹಾಕಿ ಹಲ್ಲು ಬಿಡಬೇಕಾಗಿಲ್ಲ.

ನಮ್ಮ ಕಛೇರಿಗಳ ಹಿಂಬಾಗಿಲಿಗೆ ಇನ್ನೂ ಟಿಕೆಟ್ ಬಂದಿಲ್ಲ. ಅಲ್ಲಿ ಚಲಾವಣೆಯಲ್ಲಿರುವುದು ಸಂಬಂಧ. ಸಾಲಿನ ತುದಿಯಲ್ಲೇ ಒಬ್ಬರು ನಿಂತಿರುತ್ತಾರೆ. "ನಮಸ್ಕಾರ ಸಾರ್, ಗುರುತು ಸಿಕ್ತಾ?" ಸಿಕ್ಕಿರುವುದಿಲ್ಲ. ಎರಡೂವರೆ ಗಂಟೆ ತೋಡಿಯ ಗಾಂಧಾರ ಹುಡುಕಿ ದಣಿದ ಮನುಷ್ಯ ಈಗ ಈ ಮುಖ ಎಲ್ಲಿಯದೆಂದು ಹುಡುಕಬೇಕು. "ತೊಂಬತ್ತೆಂಟರಲ್ಲಿ ಶಿವಮೊಗ್ಗಕ್ಕೆ ಬಂದಾಗ ನಮ್ಮ ಷಡ್ಡಕನ ಮನೇಲಿ ಊಟ ಮಾಡಿದ್ರಿ. ಹೆಸರುಬೇಳೆ ಪಾಯಸ!" ವಿದ್ವಾಂಸರು "ಓಹೋ, ಹೌದು ಹೌದು" ಎನ್ನುತ್ತಾರೆ. ಇಡೀ ಸಂಜೆಯಲ್ಲಿ ಅವರ ಶ್ರುತಿ ತಪ್ಪಿದ್ದು ಅಲ್ಲೊಂದೇ ಕಡೆ.

ಪಾಯಸದವರ ಬೆನ್ನಿಗೇ ತಿದ್ದುಪಡಿಯವರು. ಸಾಮಾನ್ಯವಾಗಿ ಬ್ಯಾಂಕಿನಿಂದ ನಿವೃತ್ತರಾದವರು. ಲೆಕ್ಕ ತಾಳೆಯಾಗದೆ ಮನೆಗೆ ಹೋಗಿ ಅಭ್ಯಾಸವಿಲ್ಲ. "ಭೇಷಾಗಿತ್ತು ಸಾರ್. ಆದ್ರೆ ಚರಣದಲ್ಲಿ ಆ ಸಂಗತಿ ನಿಮ್ಮ ಗುರುಗಳು ಹೀಗೆ ಹಾಡ್ತಿರಲಿಲ್ಲ" ಎಂದು, ಗುರುಗಳು ಹೇಗೆ ಹಾಡುತ್ತಿದ್ದರೆಂಬುದನ್ನು ಅಲ್ಲೇ ನಿಂತು ಹಾಡಿ ತೋರಿಸುತ್ತಾರೆ. ಗುರುಗಳು ತೀರಿಹೋಗಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಇನ್ನೊಬ್ಬ ತಾಯಿ ಮಗಳನ್ನು ಮುಂದಕ್ಕೆ ದೂಡುತ್ತಾರೆ: "ಪುಟ್ಟಿ, ಅಂಕಲ್‌ಗೆ ಒಂದು ಸರಳೆ ಹೇಳು." ಪುಟ್ಟಿಗೆ ನಿದ್ದೆ. "ಮನೆಗೆ ಹೋಗೋಣಮ್ಮಾ" ಎನ್ನುತ್ತಾಳೆ. ತಮ್ಮ ಮನಸ್ಸಿನ ಮಾತನ್ನೇ ಆಡಿದಳಲ್ಲ ಎಂದು ವಿದ್ವಾಂಸರು ಅಕ್ಕರೆಯಿಂದ ಅವಳ ತಲೆ ಸವರುತ್ತಾರೆ. ಅದರ ಫೋಟೊ 'ಗುರುಗಳ ಆಶೀರ್ವಾದ' ಎಂದು ರಾತ್ರಿಯೇ ಸ್ಟೇಟಸ್ ಏರುತ್ತದೆ.

ತನಿ ಆವರ್ತನ ಬಂದರೆ ಜನ ಕಾಫಿಗೆ ಏಳುತ್ತಾರೆ ಅನ್ನುವುದು ಸವೆದ ಜೋಕು. ಮೃದಂಗದವರ ಪಾಲಿನ ಅವಮಾನ ಹಿಂದೆಲ್ಲ ಅಲ್ಲಿಗೆ ಮುಗಿಯುತ್ತಿತ್ತು, ಈಗ ಹಿಂಬಾಗಿಲಿನವರೆಗೂ ಬೆಳೆದಿದೆ. ಮೃದಂಗವನ್ನು ಚೀಲಕ್ಕೆ ಹಾಕಿ, ಹೆಗಲಿಗೇರಿಸಿ, ಆಟೋ ಬುಕ್ ಮಾಡುತ್ತ ಅವರು ಹೊರಬರುತ್ತಾರೆ. ಅಭಿಮಾನಿಯೊಬ್ಬ ಎದುರಿಗೆ ಬಂದು ಕೈಮುಗಿಯುತ್ತಾನೆ. ಅವರ ಮುಖ ಅರಳುತ್ತದೆ. ಅವನು ಮೊಬೈಲ್ ಅವರ ಕೈಗಿಡುತ್ತಾನೆ: "ಸಾರ್, ಸಾರ್ ಜೊತೆ ನಂದೊಂದು ಫೋಟೊ ತೆಗೀತೀರಾ? ಉದ್ದಕ್ಕೆ ಹಿಡ್ಕೊಳಿ, ಸ್ಟೇಟಸ್‌ಗೆ." ಖಂಡ ನಡೆಯಲ್ಲಿ ಸಭೆಯನ್ನೇ ನಡುಗಿಸಿದ್ದ ಬೆರಳು ಗುಂಡಿ ಒತ್ತುತ್ತದೆ. ಅವನು ಪರೀಕ್ಷಿಸಿ ನೋಡಿ ಹೇಳುತ್ತಾನೆ: "ಶೇಕ್ ಆಗಿದೆ ಸಾರ್, ಇನ್ನೊಂದು."

ತಂಬೂರಿ ಹಿಡಿದ ಹುಡುಗಿಯ ವಿಚಾರ ಕೇಳಬೇಡಿ. ಅವಳನ್ನು ಎಲ್ಲರೂ ಸ್ವಲ್ಪ ಆ ಕಡೆ ಸರಿಯಮ್ಮ ಎನ್ನುತ್ತಾರೆ, ಫ್ರೇಮಿಗೆ ಅಡ್ಡ ಬರುತ್ತಾಳೆಂದು.

ಇಷ್ಟೆಲ್ಲ ಕಾಯಿಸುವ ಬದಲು ಕಲಾವಿದನೇ ಜನರ ಹತ್ತಿರ ಬಂದರೆ? ಅದನ್ನೂ ನೋಡಿಯಾಯಿತು. 2025ರ ಫೆಬ್ರವರಿ 9ರಂದು ಎಡ್ ಶೀರನ್ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪಾದಚಾರಿ ಮಾರ್ಗದಲ್ಲಿ ಗಿಟಾರ್ ಹಿಡಿದು ಬಿಟ್ಟಿಯಾಗಿ ಹಾಡತೊಡಗಿದ. ಜನ ಸೇರಿದರು, ಮೊಬೈಲುಗಳು ಮೇಲೆದ್ದವು. ಪೊಲೀಸರೊಬ್ಬರು ಬಂದು ಮೈಕಿನ ಸಂಪರ್ಕವನ್ನೇ ಕಿತ್ತರು. ಅನುಮತಿ ಇತ್ತೋ ಇಲ್ಲವೋ ಎಂಬ ಚರ್ಚೆ ಟಿವಿಯಲ್ಲಿ ನಡೆಯಿತು. ನನಗೇನೋ ಆ ಪೊಲೀಸರ ಮೇಲೆ ಗೌರವವೇ ಬಂತು. ಜಗತ್ತೇ ಸೆಲ್ಫಿಗೆ ಸಾಯುವ ಮನುಷ್ಯನ ಅಷ್ಟು ಹತ್ತಿರಕ್ಕೆ ಹೋಗಿ, ಸೆಲ್ಫಿ ಕೇಳದೆ, ಬಂದ ಕೆಲಸ ಮುಗಿಸಿ ಹೋದರು. ಅಂಥ ಸಂಯಮ ಸಂಗೀತ ಬಲ್ಲವರಲ್ಲೂ ಅಪರೂಪ.

ಹೊರಗೆ ನಿಲ್ಲುವವರಲ್ಲಿ ಇನ್ನೊಂದು ಜಾತಿಯಿದೆ, ಅವರನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಚಾಮರಾಜಪೇಟೆಯಲ್ಲಿ ಶುರುಮಾಡಿದ ರಾಮನವಮಿ ಸಂಗೀತೋತ್ಸವ ಈಗ ನಡೆಯುವುದು ಕೋಟೆ ಹೈಸ್ಕೂಲಿನ ಚಪ್ಪರದಲ್ಲಿ. ಒಳಗೆ ಜಾಗ ಸಾಲದವರು, ಟಿಕೆಟಿಗೆ ದುಡ್ಡು ಸಾಲದವರು ರಸ್ತೆ ಬದಿಯಲ್ಲಿ ಸ್ಕೂಟರಿಗೆ ಒರಗಿಕೊಂಡು, ಕಾಂಪೌಂಡಿಗೆ ಬೆನ್ನು ಕೊಟ್ಟು ಕೇಳುತ್ತಾರೆ. ಬಸ್ಸು ಹಾರ್ನ್ ಹೊಡೆದರೆ ಅಷ್ಟು ಸ್ವರ ಹೋಯಿತು, ಮತ್ತೆ ಹಿಡಿಯುತ್ತಾರೆ. ಮಂಗಳ ಮುಗಿದರೆ ಸ್ಕೂಟರ್ ಒದ್ದು ಹೊರಟುಬಿಡುತ್ತಾರೆ. ವಿದ್ವಾಂಸರ ಮುಖವನ್ನು ಅವರು ನೋಡಿಯೂ ಇರುವುದಿಲ್ಲ. ಆದ್ದರಿಂದಲೇ ಅವರನ್ನು ಅಭಿಮಾನಿಗಳೆಂದು ಯಾರೂ ಒಪ್ಪುವುದಿಲ್ಲ. ಒಂದು ಫೋಟೊದ ಸಾಕ್ಷಿಯೂ ಇಲ್ಲವಲ್ಲ.

ನನ್ನದೊಂದು ಸಲಹೆಯಿದೆ. ಕಛೇರಿಯನ್ನು ತಿರುಗಾಮುರುಗಾ ಮಾಡಿಬಿಡೋಣ. ಆರು ಗಂಟೆಗೆ ವಿದ್ವಾಂಸರು ನೇರ ಹಿಂಬಾಗಿಲಲ್ಲೇ ಬಂದು ನಿಲ್ಲಲಿ. ಪಾಯಸದ ನೆನಪು, ಪುಟ್ಟಿಯ ಸರಳೆ, ಚರಣದ ತಿದ್ದುಪಡಿ (ಹಾಡುವ ಮೊದಲೇ ತಿದ್ದಿದರೆ ಉಪಯೋಗಕ್ಕಾದರೂ ಬಂದೀತು), ಎಲ್ಲ ಏಳರೊಳಗೆ ಮುಗಿಯಲಿ. ಫೋಟೊ ಸಿಕ್ಕವರು ಮನೆಗೆ ಹೋಗಿ 'ದಿವ್ಯ ಅನುಭವ' ಎಂದು ಬರೆದುಕೊಳ್ಳಲಿ; ಕೇಳದೆ ಬರೆಯುವುದು ಅವರಿಗೇನೂ ಹೊಸದಲ್ಲ. ಉಳಿದವರಿಗೆ ವರ್ಣದಿಂದ ಮಂಗಳದವರೆಗೆ ಪೂರ್ತಿ ಕಛೇರಿ. ಮೃದಂಗದವರಿಗೂ ಮೆಟ್ರೊ ಸಿಗುತ್ತದೆ.

ಪರಿಚಯದ ಸಭಾ ಕಾರ್ಯದರ್ಶಿಯೊಬ್ಬರ ಮುಂದೆ ಇದನ್ನಿಟ್ಟೆ. ಗಂಭೀರವಾಗಿ ಕೇಳಿಸಿಕೊಂಡರು. ಸಭಾಂಗಣ ಖಾಲಿಯಾಗುತ್ತದೆಂದು ಹೆದರಬಹುದು ಅಂದುಕೊಂಡಿದ್ದೆ, ಆ ಚಿಂತೆ ಅವರಿಗಿರಲಿಲ್ಲ. "ಅದೆಲ್ಲ ಸರಿ ಸ್ವಾಮಿ, ಮುಖ್ಯ ಅತಿಥಿಗಳು ಬರೋದೇ ಏಳೂವರೆಗೆ. ಅವರು ಶಾಲು ಹೊದಿಸೋ ಫೋಟೊ ಯಾವಾಗ ತೆಗೆಸೋದು?" ಎಂದರು. ಆಮೇಲೆ ಅವರಿಗೇ ದಾರಿ ಹೊಳೆಯಿತು: ಹೇಗೂ ರಾಗ-ತಾನ-ಪಲ್ಲವಿ ಕೈಬಿಟ್ಟರೆ ಮುಕ್ಕಾಲು ಗಂಟೆ ಸಿಗುತ್ತದಂತೆ.